ನೀರು ಕಾಗದ ಮತ್ತು ಅಕ್ಕನ ಹೊಸ್ತಿಲು

ಹೊಳಲ್ಕೆರೆಯಲ್ಲಿದ್ದ ಅಕ್ಕನ ಮನೆ ಮಾರಿಸಲು ಹೊರಟಾಗ ಏನೇನು ಕೆಡಬಹುದು ಎಂದು ನಾನು ಯೋಚಿಸದೆ ಬಿಟ್ಟಿದ್ದು ಬಹಳ ಕಡಿಮೆ. ಮನೆ ನೋಡಲು ಬಂದವರ ತಲೆಯ ಮೇಲೆ ಮಾಳಿಗೆಯ ಮಣ್ಣು ಉದುರಬಹುದು. ಮಣ್ಣಿನ ಜೊತೆಗೆ ಚೇಳೂ ಉದುರಬಹುದು. ಹಿತ್ತಲ ಬಾವಿಗೆ ಬಗ್ಗಿ ನೋಡುವಾಗ ಕಟ್ಟೆಯ ಕಲ್ಲು ಜರುಗಿ, ಕೊಳ್ಳಲು ಬಂದವರೇ ಬಾವಿಯ ಪಾಲಾಗಬಹುದು. ತೀರಿಹೋದ ಭಾವನ ದಾಯಾದಿ ಯಾರೋ ಎಲ್ಲಿಂದಲೋ ಎದ್ದು ಬಂದು ಇದರಲ್ಲಿ ನನ್ನದೂ ಪಾಲಿದೆ ಎನ್ನಬಹುದು. ಪತ್ರ ಬರೆಯುವವನಿಗೆ ಅವತ್ತೇ ಚಳಿಜ್ವರ ಬರಬಹುದು. ರೈಲು ತಡವಾಗಿ, ಸರಿಯಾಗಿ ರಾಹುಕಾಲಕ್ಕೆ ಬಂದು ನಿಲ್ಲಬಹುದು. ಎದುರು ಮನೆಯ ನಾಯಿ ಕಚ್ಚಬಹುದು. ಪ್ಲೇಗು ಮರಳಿ ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂರಬಹುದು. ಇದೆಲ್ಲ ಆಗದಿದ್ದರೂ ಮಾರಿಕಣಿವೆಯ ಅಣೆಕಟ್ಟೆ ಒಡೆಯಬಹುದು.

ಕೊನೆಯದನ್ನು ಹೆಂಡತಿಯ ಎದುರು ಬಾಯಿಬಿಟ್ಟು ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಕಟ್ಟೆ ಒಡದ್ರೆ ನೀರು ಹಿರಿಯೂರಿಗೆ ಹೋಗ್ತೈತೆ. ಹೊಳಲ್ಕೆರೆಗೆ ಹೆಂಗ್ ಬರ್ತೈತ್ರಿ? ಗುಡ್ಡ ಹತ್ತಿ ಬರ್ತೈತಾ?"

ನೀರಿಗೆ ದಾರಿ ತಪ್ಪಿದರೆ ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ನುಂಗಿಕೊಂಡೆ.

ಆಗ ನನಗೆ ನಲವತ್ತು ದಾಟಿತ್ತು. ಮಿಕ್ಕವರು ಆ ವಯಸ್ಸಿಗೆ ಒಂದು ಕಸುಬಿನಲ್ಲಿ ಬೇರು ಬಿಟ್ಟಿರುತ್ತಾರೆ. ನಾನು ಹೊಸದೊಂದನ್ನು ಹಿಡಿದಿದ್ದೆ. ಮನೆ, ಹೊಲ, ಖಾಲಿ ಜಾಗ ಕೊಡಿಸುವ ದಲ್ಲಾಳಿ ಕೆಲಸ. ಅದಕ್ಕೆ ಮುಂಚೆ ಚಿತ್ರದುರ್ಗದ ಒಂದು ಮೋಟಾರು ಶೆಡ್ಡಿನಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದೆ. ಹಿರಿಯೂರು, ಹೊಸದುರ್ಗದ ಕಡೆ ಓಡುವ ಬಸ್ಸುಗಳಿಗೆ ಮರದ ಮೈ ಕಟ್ಟಿ, ಬಣ್ಣ ಹೊಡೆದು ಕಳಿಸುವ ಶೆಡ್ಡು ಅದು. ಯಜಮಾನರು ಬಸ್ಸುಗಳನ್ನು ದಾವಣಗೆರೆಯವರಿಗೆ ಕೊಟ್ಟು ಶೆಡ್ಡಿಗೆ ಬೀಗ ಹಾಕಿದರು. ಹಾಕುವ ದಿನ, "ಏನಾರ ಬೇಕಿದ್ರೆ ತಗಂಡು ಹೋಗಪ್ಪ, ನಾಚಿಕಿ ಬ್ಯಾಡ" ಎಂದರು. ಬುದ್ಧಿ ಇದ್ದವನು ಸ್ಪ್ಯಾನರುಗಳನ್ನು ಎತ್ತಿಕೊಳ್ಳುತ್ತಿದ್ದ. ಸ್ಪ್ಯಾನರು ಕಾಲ ಮೇಲೆ ಬಿದ್ದರೆ ಎಂದು ಹೆದರಿ ನಾನು ಒಂದು ಕಟ್ಟು ವಾಟರ್ ಪೇಪರ್ ತಂದೆ.

ಅದನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಬಡಗಿಗಳು ಮರ ಉಜ್ಜುವ ಮರಳು ಕಾಗದ ಎಲ್ಲರಿಗೂ ಗೊತ್ತು. ಅದಕ್ಕೆ ನೀರು ಸೋಕಿದರೆ ಅಂಟು ಬಿಟ್ಟು ಮರಳು ಅಂಗೈಗೆ ಬರುತ್ತದೆ, ಕಾಗದ ಮುದ್ದೆಯಾಗುತ್ತದೆ. ಒಣಗಿದ್ದಂತೆಯೇ ಉಜ್ಜಿದರೆ ಎದ್ದ ಧೂಳು ಉಜ್ಜುವವನ ಎದೆಗೆ ಹೋಗುತ್ತದೆ. ಶೆಡ್ಡಿನಲ್ಲಿ ಬಣ್ಣದವರೆಲ್ಲ ಕೆಮ್ಮುತ್ತಿದ್ದರು, ಅವರ ಪಕ್ಕದ ಕೋಣೆಯಲ್ಲಿ ಕೂತು ನಾನೂ ಮುಂಜಾಗ್ರತೆಗೆ ಕೆಮ್ಮುತ್ತಿದ್ದೆ. ಆಮೇಲೆ ಪರದೇಶದಿಂದ ಈ ಕರಿ ಕಾಗದ ಬಂತು. ಇದನ್ನು ನೀರಿನಲ್ಲಿ ನೆನೆಹಾಕಿಯೇ ಬಳಸಬೇಕು. ಸ್ವಲ್ಪ ಹೊತ್ತು ನೆನೆದರೆ ಮೆತ್ತಗಾಗುತ್ತದೆ, ಆದರೆ ಹರಿಯುವುದಿಲ್ಲ, ಹರಳು ಬಿಡುವುದಿಲ್ಲ. ಒಂದು ಮರದ ತುಂಡಿಗೆ ಸುತ್ತಿ, ಕೆಲಸದ ಮೇಲೆ ನೀರು ಚಿಮುಕಿಸುತ್ತ, ಒಂದೇ ದಿಕ್ಕಿಗೆ ಉಜ್ಜಬೇಕು. ಧೂಳು ಏಳುವುದಿಲ್ಲ, ಕೆಸರಾಗಿ ಹರಿದುಹೋಗುತ್ತದೆ. ಮೊದಲು ಒರಟು ಕಾಗದ, ಆಮೇಲೆ ನಯ, ಕೊನೆಗೆ ತೀರ ನಯ. ಕೆಲಸ ಮುಗಿದ ಮೇಲೆ ಜಾಲಿಸಿ ನೆರಳಲ್ಲಿ ಒಣಗಿಸಿಟ್ಟರೆ ಮತ್ತೆ ಬರುತ್ತದೆ. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಹೀಗೆ ಉಜ್ಜಿದ ಬಸ್ಸಿನ ಮೈಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತು.

ಮನೆಗೆ ಬಂದ ಮೇಲೆ ಅದಕ್ಕೆ ಸಿಕ್ಕ ಕೆಲಸ ಹೇಳತೀರದು. ಕುಡುಗೋಲಿನ ತುಕ್ಕು ಹೋಯಿತು. ಬಾವಿಯ ಗಾಲಿಯ ಕೀಲು ಕಿರುಗುಟ್ಟುವುದು ನಿಂತಿತು. ಪಕ್ಕದ ಮನೆಯವರು ಎತ್ತಿನ ಕೊಂಬು ಹೆರೆಸಿದ ಮೇಲೆ ನುಣುಪಿಗೆಂದು ಇಸಿದುಕೊಂಡು ಹೋದರು. ಹೆಂಡತಿ ತಳ ಹಿಡಿದ ಹಿತ್ತಾಳೆ ಪಾತ್ರೆಯನ್ನು ಉಜ್ಜಿ, ಹಿಡಿದದ್ದರ ಜೊತೆಗೆ ಒಳಗಿನ ಕಲಾಯಿಯನ್ನೂ ತೆಗೆದು, ಅದರಲ್ಲಿ ಮಾಡಿದ ಹುಳಿಯನ್ನು ನಾವು ಉಣ್ಣದಂತೆ ಮಾಡಿದಳು. ಅವಳೇ ಅದಕ್ಕೆ ನೀರು ಕಾಗದ ಎಂದು ಹೆಸರಿಟ್ಟಿದ್ದು.

ಇನ್ನು ದಲ್ಲಾಳಿ ಕೆಲಸ. ಮಾರಿಕಣಿವೆಯ ನಾಲೆ ಬಂದ ಮೇಲೆ ಹಿರಿಯೂರಿನ ಕಡೆ ಎಲ್ಲರ ಬಾಯಲ್ಲೂ ಜಮೀನಿನ ಮಾತೇ. ಕೋಟು, ಕೊಡೆ, ರುಮಾಲು ಮೂರು ಇದ್ದರೆ ದಲ್ಲಾಳಿ ಆಗಬಹುದು ಎಂದು ನಾನು ತಿಳಿದಿದ್ದೆ. ಇನ್ನೊಂದು ಬೇಕಾಗಿತ್ತು, ಸುಮ್ಮನಿರುವ ನಾಲಿಗೆ. ಮೊದಲ ಸಲ ಒಬ್ಬ ರೈತನಿಗೆ ನಾಲೆಯ ಕೆಳಗಿನ ಗದ್ದೆ ತೋರಿಸಿದೆ. "ನೀರು ಬರ್ತೈತೇನ್ರಿ?" ಎಂದು ಕೇಳಿದ. "ಬರ್ತೈತೆ" ಎಂದು ನಿಲ್ಲಿಸಿದ್ದರೆ ಮುಗಿದಿತ್ತು. "ಈ ವರ್ಷ ಬಂದೈತೆ. ಮುಂದಿನ ವರ್ಷ ಮೇಲಿನವರು ತೂಬು ಮುಚ್ಚಿದ್ರೆ, ಮಳೆ ಕೈಕೊಟ್ರೆ, ಹೂಳು ತುಂಬಿದ್ರೆ..." ಎಂದು ನಾನು ಎಣಿಸುತ್ತ ಹೋದಂತೆ ಅವನು ಹಿಂದೆ ಹಿಂದೆ ಸರಿಯುತ್ತ ಹೋದ. ಕೊನೆಗೆ, "ನೀವು ಗದ್ದಿ ಮಾರಾಕೆ ಬಂದೀರೋ, ಕಾಯಾಕೆ ಬಂದೀರೋ?" ಎಂದು ಕೇಳಿ ಬಸ್ಸು ಹತ್ತಿದ.

ಆ ಹೊತ್ತಿಗೆ ಅಕ್ಕ ನನಗೆ ಕರೆ ಕಳಿಸಿದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು. ಅವಳಿಗೆ ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಹೊಳಲ್ಕೆರೆಯ ಆ ದೊಡ್ಡ ಮಾಳಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಹೋದ ಕೂಡಲೇ ವಿಷಯಕ್ಕೆ ಬಂದಳು.

"ಈ ಮನಿ ಮಾರಿಸಿಕೊಡಲೇ ತಮ್ಮ. ರಾಮಗಿರಿ ಟೇಶನ್ನಿನ ಎದುರಿಗೆ ಹಂಚಿನ ಮನಿ ಒಂದು ಐತೆ. ಮುದುಕಪ್ಪ ಒಬ್ನು ಇದಾನೆ, ಹರಿಹರಕ್ಕೆ ಮಗನ ಮನಿಗೆ ಹೋಗ್ತಾನಂತೆ. ಯುಗಾದಿ ತನಕ ಕಾಯ್ತೀನಿ ಅಂದಾನೆ. ಅಲ್ಲಿ ಖಾನಾವಳಿ ಇಡ್ತೀನಿ."

"ನೀನು? ಖಾನಾವಳಿ?"

"ಯಾಕೆ, ನೀನು ದಲ್ಲಾಳಿ ಆಗಿಲ್ಲೇನು?"

ಒಂಟಿ ಹೆಂಗಸು, ಟೇಷನ್ನು, ಗಾಡಿಯವರು, ಜನ ಏನೆಂದಾರು ಎಂದು ಗೊಣಗಿದೆ. ನಮ್ಮ ಮನೆಗೆ ಬಂದುಬಿಡು, ಎಂದೆ. ಅಕ್ಕ ಒಲೆಯ ಮುಂದೆ ಕೂತು ಶೇಂಗಾ ಹುರಿಯುತ್ತಿದ್ದಳು. ಮುಖ ತಿರುಗಿಸದೆ ಹೇಳಿದಳು.

"ಬರ್ತೀನಪ್ಪ. ನಿನ್ನ ಹೆಂಡ್ತಿ ಒಳ್ಳೇಕಿ, ಒಂದು ಮಾತು ಅನ್ನಲ್ಲ. ಆದ್ರೆ ಅದು ಆಕಿ ಒಲಿ. ನಂಗೆ ನನ್ನ ಒಲಿ ಬೇಕು. ಇನ್ನು ಎಷ್ಟು ದಿನ ಇರ್ತೀನೋ, ನಾನು ಹಾಕಿದ ಉಪ್ಪು ನಾನೇ ಹಾಕಿದ್ದು ಆಗಿರ್ಲಿ."

ಅಷ್ಟು ಹೇಳಿ ಹುರಿದ ಶೇಂಗಾವನ್ನು ಮೊರಕ್ಕೆ ಸುರಿದಳು. ಯುಗಾದಿಯೊಳಗೆ ಈ ಮನೆ ಹೋಗಬೇಕು, ಹೋದರೆ ರಾಮಗಿರಿಯ ಮನೆ ಅವಳದು, ಇಲ್ಲದಿದ್ದರೆ ಇಲ್ಲ. ನನ್ನ ಕಸುಬಿನಲ್ಲಿ ನಾನು ಮುಗಿಸಬೇಕಾದ ಮೊದಲ ವ್ಯವಹಾರ ಹೀಗೆ ನನ್ನ ಅಕ್ಕನದೇ ಆಯಿತು.

ಮನೆ ಗಟ್ಟಿಯಾಗಿತ್ತು, ಆದರೆ ಕಣ್ಣಿಗೆ ಮುದಿಯಾಗಿತ್ತು. ಗೋಡೆಗೆ ಸುಣ್ಣ ಹೊಡೆಸಿದೆವು. ಮಾಳಿಗೆಗೆ ಹೊಸ ಕರಲು ಮಣ್ಣು ಹಾಕಿಸಿದೆವು. ಉಳಿದದ್ದು ತಲೆಬಾಗಿಲು. ಒಳ್ಳೆಯ ಹೊನ್ನೆ ಮರದ ಬಾಗಿಲುವಾಡ, ಹೊಸ್ತಿಲು. ಆದರೆ ಎಷ್ಟೋ ತಲೆಮಾರಿನ ಹೆಂಗಸರು ಹಚ್ಚಿದ ಎಣ್ಣೆ, ಅರಿಶಿನ, ಕುಂಕುಮ, ಅದರ ಮೇಲೆ ಕೂತ ಧೂಳು ಎಲ್ಲ ಸೇರಿ ಬೆರಳು ದಪ್ಪದ ಕರಿ ಹಕ್ಕಳೆ ಕಟ್ಟಿತ್ತು. ಹೊಸ್ತಿಲ ಒಂದು ಮೂಲೆಯಲ್ಲಿ ಸಿಬರು ಎದ್ದು ಸೀರೆಗೆ ಸಿಕ್ಕಿಕೊಳ್ಳುತ್ತಿತ್ತು. ಬಂದವರ ಕಾಲಿಗೆ ಚುಚ್ಚಿ, ಕಾಲು ಕೀವಾಗಿ, ಅವರು ನನ್ನ ಮೇಲೆ ದಾವೆ ಹೂಡಿದರೆ ಎಂದು ನಾನು ಒಂದು ತುಂಡು ನೀರು ಕಾಗದ ನೆನೆಸಿ ಆ ಸಿಬರಿನಷ್ಟೇ ಜಾಗ ಉಜ್ಜಿದೆ.

ಕರಿಯ ಕೆಳಗಿನಿಂದ ಬಣ್ಣ ಬಂತು. ಬೆಂಕಿಯ ಹತ್ತಿರ ಹಿಡಿದ ಬೆಲ್ಲದ ಬಣ್ಣ.

ಅಕ್ಕ ನೀರಿನ ತಂಬಿಗೆ ಹಿಡಿದು ನಿಂತಿದ್ದವಳು ಬಗ್ಗಿದಳು. "ಇಲ್ಲಿ ತಾ ಅದನ್ನ" ಎಂದು ನನ್ನ ಕೈಯಿಂದ ಕಿತ್ತುಕೊಂಡಳು. ಸೆರಗು ಸಿಕ್ಕಿಸಿ ಕೂತಳು. ನಾನು ನೀರು ಚಿಮುಕಿಸುವುದು, ಅವಳು ಉಜ್ಜುವುದು. ಕೆಂಪು ಕೆಸರು ಮೆಟ್ಟಿಲ ಮೇಲೆ ಹರಿಯಿತು. ಒರಟು ಕಾಗದ ಮುಗಿಸಿ ನಯದ್ದಕ್ಕೆ ಬರುವಷ್ಟರಲ್ಲಿ ಹೊಸ್ತಿಲ ನಡುವೆ ಏನೋ ಗೆರೆ ಕಂಡವು. ಇನ್ನಷ್ಟು ಉಜ್ಜಿದಾಗ ಅದು ಹೂವು. ಸಾಲಾಗಿ ಕೆತ್ತಿದ ಪುಟ್ಟ ಹೂವುಗಳು, ಒಂದೊಂದಕ್ಕೂ ಎಂಟು ಎಸಳು.

ಅಕ್ಕ ಹಿಂದಕ್ಕೆ ಸರಿದು ಕೂತಳು. ಮೊಣಕೈಯವರೆಗೂ ಕೆಸರು.

"ಮದುವ್ಯಾಗಿ ಬಂದಾಗಿಂದ ಇದ್ರ ಮ್ಯಾಲೆ ಅರಿಶಿನ ಬಳಿದೀನಿ. ಕೆಳಗೆ ಹೂವಾ ಐತೆ ಅಂತ ಗೊತ್ತೇ ಇರ್ಲಿಲ್ಲ ನೋಡು."

"ಅತ್ತೆಗೆ ಗೊತ್ತಿತ್ತೇನೋ?"

"ಅತ್ತೆಗೆ ಗೊತ್ತಿದ್ರೆ ನನ್ನ ಸುಮ್ಕೆ ಬಿಡ್ತಿದ್ಲಾ, ದಿನಾ ಎಣ್ಣಿ ಹಾಕಿ ಒರೆಸಿಸ್ತಿದ್ಲು."

ಇಬ್ಬರೂ ನಕ್ಕೆವು. ಬಾಗಿಲುವಾಡದ ಎರಡು ಕಂಬವನ್ನೂ ಅವಳೇ ಉಜ್ಜಿದಳು. ಕೈ ನೋವಾದರೂ ನನಗೆ ಕೊಡಲಿಲ್ಲ. ಮನೆ ನೋಡುವವರೆಲ್ಲ ಬಂದು ಹೋಗುವವರೆಗೆ ಹೊಸ್ತಿಲಿಗೆ ಅರಿಶಿನ ಬೇಡ, ಹೂವು ಕಾಣಲಿ, ಎಂದು ಇಬ್ಬರೂ ಮಾತಾಡಿಕೊಂಡೆವು. ಅವಳು ದಿನವೂ ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಹೂ ಇಟ್ಟು ಕೈಮುಗಿಯುತ್ತಿದ್ದಳು. ಆ ದಿನಗಳಲ್ಲಿ ಅಕ್ಕನ ಮುಖದಲ್ಲಿದ್ದ ಗೆಲುವನ್ನು ಆಮೇಲೆ ನಾನು ನೋಡಿಲ್ಲ. ಕೂತಲ್ಲೇ ರಾಮಗಿರಿಯ ಮನೆಯನ್ನು ಕಟ್ಟುತ್ತಿದ್ದಳು. ಮುಂದಿನ ಪಡಸಾಲೆಯಲ್ಲಿ ಪಂಕ್ತಿ, ಒಳಗೆ ಒಲೆ, ಬೆಳಗಿನ ಗಾಡಿಗೆ ಮಂಡಕ್ಕಿ, ಮಧ್ಯಾಹ್ನದ ಗಾಡಿಗೆ ರೊಟ್ಟಿ, ಹುರುಳಿ ಸಾರು.

ಮೊದಲು ಬಂದವರು ಹೊಸದುರ್ಗದ ಕೊಬ್ಬರಿ ಸಾಹುಕಾರರು. ತಮ್ಮನ ಜೊತೆ ಬಂದಿದ್ದರು. ಮಾಳಿಗೆ ಉದುರಲಿಲ್ಲ, ನಾಯಿ ಕಚ್ಚಲಿಲ್ಲ. ರಾಹುಕಾಲ ಕಳೆದು ಒಂದು ಗಳಿಗೆಯಾಗಿತ್ತು. ಹೊರಗಿನಿಂದ ಗೋಡೆ ನೋಡಿ ತಲೆಯಾಡಿಸಿದರು. ಜಗಲಿ ಹತ್ತಿದರು. ಅಕ್ಕ ಒಳಗಿನಿಂದ, "ಬರ್ರಿ, ಒಳಗೆ ಬರ್ರಿ, ಕುಂತ್ಕಳ್ರಿ" ಎಂದಳು. ಸಾಹುಕಾರರು ಕಾಲೆತ್ತಿದವರು ಕೆಳಗೆ ನೋಡಿದರು. ಬಾಗಿಲುವಾಡದ ಕಂಬ ನೋಡಿದರು. ತಮ್ಮನ ಮುಖ ನೋಡಿದರು. ಎತ್ತಿದ ಕಾಲು ಜಗಲಿಗೇ ಇಳಿಯಿತು.

"ಇರ್ಲಿ ತಾಯಿ, ಬಿಸಿಲಾತು. ಇನ್ನೊಂದಿನ ಬರ್ತೀವಿ."

ನೀರಾದರೂ ಕುಡಿಯಿರಿ ಎಂದರೆ ಅದಕ್ಕೂ ಇಲ್ಲ. ಬಹಳ ಮರ್ಯಾದೆಯಿಂದ ಕೈಮುಗಿದು ಹೋದರು.

ಅವರ ಹಿಂದೆ ಚಿತ್ರದುರ್ಗದ ಜವಳಿಯವರು ಬಂದರು. ಅವರ ಹೆಂಡತಿ ಹೊಸ್ತಿಲ ಹೊರಗೇ ನಿಂತು ಸೆರಗು ಬಾಯಿಗೆ ಹಿಡಿದು ಏನೋ ಅಂದರು, ಅವರೂ ಹೋದರು. ಆಮೇಲೆ ಇನ್ನೊಬ್ಬರು. ಯಾರೂ ಮನೆಯನ್ನು ಹಳಿಯಲಿಲ್ಲ, ಬೆಲೆ ಕೇಳಲಿಲ್ಲ. ಯಾಕೆ ಬೇಡ ಎಂದು ಮಾರುವವರು ಕೇಳುವುದು ಹಗುರವಾದೀತೆಂದು ನಾವೂ ಕೇಳಲಿಲ್ಲ. ಅಕ್ಕ ಒಬ್ಬೊಬ್ಬರು ಹೋದಾಗಲೂ ಹೊಸ್ತಿಲನ್ನು ಇನ್ನೊಂದು ಸಲ ಒರೆಸುತ್ತಿದ್ದಳು. ನಾನು ತೀರ ನಯದ ಕಾಗದ ತೆಗೆದು ಇನ್ನೊಂದು ಕೈ ಆಡಿಸುತ್ತಿದ್ದೆ. ಮುಂಚೆ ಒಂದು ಹೆದರಿಕೆ ಇದ್ದ ಕಡೆ ಈಗ ನೂರು. ಬಾವಿಯ ನೀರೇ? ವಾಸ್ತುವೇ? ನನ್ನ ಮುಖವೇ? ಕೊನೆಯದು ನನಗೆ ಬಹಳ ಸರಿಯೆನಿಸಿ, ಒಬ್ಬರು ಬಂದಾಗ ಹಿತ್ತಲಲ್ಲಿ ಅಡಗಿ ಕೂತೆ. ಅವರೂ ಹೋದರು.

ಹೀಗೇ ಚಳಿಗಾಲ ಕಳೆಯಿತು. ಯುಗಾದಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಮಾಡದಕೆರೆಯಲ್ಲಿ ಹೆಂಡತಿಯ ಕಡೆಯ ಒಂದು ಮದುವೆ. ಊಟಕ್ಕೆ ಕೂತೆ. ಪಕ್ಕದ ಎಲೆಗೆ ಬಂದು ಕೂತವರು ಅದೇ ಕೊಬ್ಬರಿ ಸಾಹುಕಾರರು. ನನ್ನನ್ನು ಗುರುತಿಸಿದರು. ಹುಗ್ಗಿ ಬಡಿಸಿ ಹೋದ ಮೇಲೆ, ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ಮಾತಾಡುವವರಂತೆ ಕೇಳಿದರು.

"ಕೇಳಬಾರದು, ಆದ್ರೂ ಕೇಳ್ತೀನಿ. ನಿಮ್ಮ ಭಾವ ಯಾವ ನಕ್ಷತ್ರದಾಗೆ ಹೋಗಿದ್ರು?"

"ಯಾಕ್ರಿ?"

"ಎಷ್ಟು ತಿಂಗಳು ಬಿಟ್ಟಿದ್ರಿ ಮನಿನ? ಮೂರೋ, ಆರೋ?"

ಆಗ ನನಗೆ ಅಕ್ಕನ ಹೊಸ್ತಿಲು ನೆನಪಾಯಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಯಾರಾದರೂ ಸತ್ತರೆ ಮನೆ ಬಿಡುತ್ತಾರೆ. ತಿಂಗಳುಗಟ್ಟಲೆ ಬಾಗಿಲಿಗೆ ಮುಳ್ಳು ಬಡಿದು ಬೇರೆ ಕಡೆ ಇರುತ್ತಾರೆ. ಅವಧಿ ಮುಗಿದ ಮೇಲೆ ಬಂದು ಗೋಡೆಗೆ ಸುಣ್ಣ ಹೊಡೆದು, ಬಾಗಿಲು ತೊಳೆದು, ಹೊಸ್ತಿಲನ್ನು ಹೆರೆದು ಹಳೆಯದನ್ನೆಲ್ಲ ತೆಗೆದು ಒಳಗೆ ಹೋಗುತ್ತಾರೆ. ಬಾಳುವ ಮನೆಯ ಹೊಸ್ತಿಲು ಕರ್ರಗಿರುತ್ತದೆ. ಬೋಳು ಹೊಸ್ತಿಲು ಕಂಡರೆ ಕಂಡವರು ತಿಳಿದುಕೊಳ್ಳುತ್ತಾರೆ, ತಿಳಿದದ್ದನ್ನು ಮನೆಯವರ ಎದುರು ಆಡುವುದಿಲ್ಲ. ಹುಟ್ಟಿದಾರಭ್ಯ ಇದನ್ನೆಲ್ಲ ಬಲ್ಲ ನಾನು, ಅಕ್ಕ, ಇಬ್ಬರೂ ಹೂವು ನೋಡಿಕೊಂಡು ಕೂತಿದ್ದೆವು.

"ನಮ್ಮ ಭಾವ ಆ ಮನೇಲಿ ಸಾಯ್ಲೇ ಇಲ್ರಿ" ಎಂದೆ. "ದಾವಣಗೆರ್ಯಾಗೆ, ಅವರ ತಂಗಿ ಮನೇಲಿ ಹೋದ್ರು. ನಕ್ಷತ್ರ ಚಲೋದಿತ್ತು, ಅಯ್ನೋರೇ ಹೇಳಿದ್ರು."

"ಹಂಗಾರೆ ಬ್ಯಾರೆ ಯಾರು?"

"ಯಾರೂ ಇಲ್ರಿ. ಯಾರೂ ಸತ್ತಿಲ್ಲ."

ಸಾಹುಕಾರರು ಹುಗ್ಗಿಗೆ ತುಪ್ಪ ಕಲಸುತ್ತ ಯೋಚಿಸಿದರು.

"ಯಾರೂ ಸಾಯ್ದೆ ಹೊಸ್ತಿಲು ಯಾಕಪ್ಪ ಹೆರೆದ್ರಿ?"

"ನುಣ್ಣಗಿರ್ಲಿ ಅಂತ."

ಅವರು ನನ್ನನ್ನು ಕರುಣೆಯಿಂದ ನೋಡಿದರು. ನನ್ನ ಮಾತನ್ನು ಅವರು ನಂಬಲಿಲ್ಲ, ನಂಬುವಂತೆಯೂ ಇರಲಿಲ್ಲ. "ದಲ್ಲಾಳಿ ಆದವ್ರು ಹಂಗೇ ಹೇಳಬೇಕು, ನಿಮ್ಮ ತಪ್ಪಿಲ್ಲ ಬಿಡ್ರಿ. ನಾನಂತೂ ಊರಾಗೇ ಒಂದು ಮನಿ ಹಿಡಿದೆ. ಉಣ್ರಿ, ಆರಿಹೋಗ್ತೈತೆ" ಎಂದರು.

ಮಾರನೆಯ ದಿನವೇ ಹೊಳಲ್ಕೆರೆಗೆ ಹೋಗಿ ಅಕ್ಕನಿಗೆ ಹೇಳಿದೆ. ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನಿನ್ನ, ದಿನಾ ಒರೆಸಿ ಒರೆಸಿ ಇಟ್ಟೆನಲ್ಲೋ" ಎಂದಳು. ಆಮೇಲೆ ಹೋಗಿ ಹೊಸ್ತಿಲ ಒಳಬದಿಗೆ ಕೂತು ಆ ಹೂಗಳ ಮೇಲೆ ಬೆರಳಾಡಿಸಿದಳು.

"ಯುಗಾದಿ ಎಂದು?"

ಹೇಳಿದೆ. ಅವಳು ಎದ್ದು ಅರಿಶಿನ ಕಲಸಿದಳು.

ನಯಗೊಂಡ ಮರ ಅರಿಶಿನವನ್ನು ಹಿಡಿಯುತ್ತಿರಲಿಲ್ಲ. ಬಳಿದದ್ದು ಒಣಗಿ ಹೊಟ್ಟಿನಂತೆ ಏಳುತ್ತಿತ್ತು. ಎಣ್ಣೆ ಹಾಕಿದರೆ ಇನ್ನಷ್ಟು ಮಿಂಚುತ್ತಿತ್ತು. ಒರಟು ಕಾಗದ ತೆಗೆದುಕೊಂಡು ಮತ್ತೆ ತರಿತರಿ ಮಾಡಿಕೊಡಲೇ ಎಂದು ಕೇಳಿದೆ. ದೀಪದ ಕಾಡಿಗೆ ಸೇರಿಸಿ ತಿಕ್ಕೋಣ ಎಂದೆ. ಹೊಗೆ ಹಾಕಿದರೆ ಹೇಗೆ ಎಂದೆ. ಅಕ್ಕ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ಗೂಡಿನಲ್ಲಿಟ್ಟಳು.

"ಸಾಕು ಬಿಡಲೇ. ವಯಸ್ಸನ್ನ ಬಳಿಯಾಕಾಗ್ತದೇನು? ಅದು ತಾನೇ ಆಗಬೇಕು."

ಬಂದವರಿಗೆ ಮೊದಲೇ ನಿಜ ಹೇಳಿಬಿಡೋಣ ಎಂದು ನಾನು ಒಮ್ಮೆ ಬಂದ ಗಂಡ ಹೆಂಡತಿಗೆ ಬಸ್ಸಿನಿಂದ ಇಳಿಯುತ್ತಲೇ, "ಆ ಮನೇಲಿ ಯಾರೂ ಸತ್ತಿಲ್ರಿ" ಎಂದೆ. ಅವರು ಮನೆಯವರೆಗೂ ಬರಲಿಲ್ಲ.

ಯುಗಾದಿ ಬಂತು. ರಾಮಗಿರಿಯ ಮುದುಕಪ್ಪ ಮಾತಿನಂತೆ ಆ ದಿನದವರೆಗೂ ಕಾದ. ಇನ್ನು ಸ್ವಲ್ಪ ದಿನ ಎಂದು ನಾನು ಹೋಗಿ ಬೇಡಿಕೊಂಡೆ. "ನಂಗೇನೂ ಬ್ಯಾಡ ಅಂತಿಲ್ಲಪ್ಪ. ಮಗ ಗಾಡಿ ತಗಂಡು ಬಂದು ನಿಂತಾನೆ. ನಿಮ್ಮಕ್ಕ ಬಂದು ಒಲಿ ಜಾಗ ಅಳತಿ ಮಾಡಿ ಹೋಗಿದ್ಲು, ನಂಗೂ ಆಕಿಗೇ ಕೊಡಬೇಕು ಅಂತಿತ್ತು" ಎಂದ. ಆ ಮನೆ ತರೀಕೆರೆ ಕಡೆಯಿಂದ ಬಂದ ಗಂಡ ಹೆಂಡತಿಗೆ ಹೋಯಿತು. ಅಕ್ಕ ಅಳತೆ ಮಾಡಿಕೊಂಡು ಬಂದಿದ್ದು ನನಗೆ ಗೊತ್ತಿರಲಿಲ್ಲ.

ಬೇಸಗೆ ಕಳೆಯುವ ಹೊತ್ತಿಗೆ ಹೊಳಲ್ಕೆರೆಯ ಮನೆಯೂ ಹೋಯಿತು. ಮೈಸೂರು ಕಡೆಯವರೊಬ್ಬರು, ಮಾರಿಕಣಿವೆಯ ನಾಲೆಯ ಕೆಲಸದಲ್ಲಿದ್ದವರು, ಹೊಳಲ್ಕೆರೆಗೆ ವರ್ಗವಾಗಿ ಬಂದಿದ್ದರು. ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಆಡಿಸಿ, "ಎಷ್ಟು ಚೆನ್ನಾಗ್ ಕೆಲ್ಸ ಮಾಡವ್ರೆ, ಯಾರು ಇದು?" ಎಂದರು. ಅವರ ಕಡೆ ಈ ಗುರುತು ಇರಲಿಲ್ಲವೋ, ಇದ್ದರೂ ಅವರು ಲೆಕ್ಕಿಸುವವರಲ್ಲವೋ ತಿಳಿಯದು. ನನ್ನ ಬಾಯಿ ತೆರೆಯುವುದನ್ನು ಅಕ್ಕ ಒಳಗಿನಿಂದ ನೋಡಿದಳು.

"ತಮ್ಮ, ಇಲ್ಲಿ ಬಾ. ಹಿತ್ತಲಾಗೆ ಕೆಲಸ ಐತೆ."

ಹಿತ್ತಲಲ್ಲಿ ಕೆಲಸವೇನೂ ಇರಲಿಲ್ಲ. ವ್ಯವಹಾರ ಮುಗಿಯುವವರೆಗೆ ಬಾವಿಕಟ್ಟೆಯ ಮೇಲೆ ಕೂತಿದ್ದೆ. ಕಲ್ಲು ಜರುಗಲಿಲ್ಲ.

ಅಕ್ಕ ನಮ್ಮ ಮನೆಗೆ ಬಂದಳು. ಹೆಂಡತಿ ಒಂದು ಮಾತೂ ಅನ್ನಲಿಲ್ಲ, ಅಕ್ಕ ಹೇಳಿದ್ದಂತೆಯೇ. ಒಲೆಯ ಮುಂದಿನಿಂದ ಅವಳು ಎದ್ದರೆ ಮಾತ್ರ ಅಕ್ಕ ಕೂರುತ್ತಾಳೆ. ಸಾರಿಗೆ ಉಪ್ಪು ಹಾಕುವ ಮುಂಚೆ, "ಹಾಕಲೇನವ್ವ?" ಎಂದು ಕೇಳುತ್ತಾಳೆ. ಹೆಂಡತಿ, "ನನ್ನೇನು ಕೇಳ್ತೀರಿ, ಹಾಕ್ರಿ ಅತ್ತಿಗೆ" ಎನ್ನುತ್ತಾಳೆ. ಇಬ್ಬರದೂ ತಪ್ಪಿಲ್ಲದ ಆ ಎರಡು ಮಾತನ್ನು ನಾನು ಜಗಲಿಯ ಮೇಲೆ ಕೂತು ದಿನವೂ ಕೇಳುತ್ತೇನೆ.

ದಲ್ಲಾಳಿ ಕೆಲಸ ಈಗಲೂ ನನ್ನದೇ. ಯಾವ ಮನೆ ತೋರಿಸಲು ಹೋದರೂ ಮೊದಲು ಹೊಸ್ತಿಲು ನೋಡುತ್ತೇನೆ. ಕರ್ರಗಿದ್ದರೆ ಸಮಾಧಾನ. ನೀರು ಕಾಗದದ ಕಟ್ಟಿನಲ್ಲಿ ಇನ್ನೂ ಅರ್ಧ ಉಳಿದಿದೆ. ಕುಡುಗೋಲಿಗೆ, ಕೊಂಬಿಗೆ ಬೇಕೆಂದು ಬಂದವರಿಗೆ ಕೊಡುತ್ತೇನೆ. ಮನೆಯ ಬಾಗಿಲಿಗೆ ಎಂದವರಿಗೆ ಮುಗಿದುಹೋಯಿತು ಎನ್ನುತ್ತೇನೆ.

ಹೋದ ವರ್ಷ ಅರಸೀಕೆರೆಯಲ್ಲಿ ಒಂದು ಕಾರ್ಯ ಇತ್ತು. ನಾನೂ ಅಕ್ಕನೂ ರೈಲಿನಲ್ಲಿ ಹೊರಟೆವು. ರಾಮಗಿರಿ ಬರುವ ಮುಂಚೆ ನಾನು ಏನೇನೋ ಮಾತು ತೆಗೆದೆ. ಅಕ್ಕ ಆ ಕಡೆಯ ಕಿಟಕಿಗೆ ಹೋಗದಿರಲಿ ಎಂದು ಎಲೆಯಡಿಕೆ ಚೀಲ ಹುಡುಕಿಸಿದೆ. ಗಾಡಿ ನಿಂತಿತು. ಅವಳು ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಎದ್ದು ಹೋಗಿ ನೋಡಿದಳು.

ಎದುರಿಗೇ ಆ ಹಂಚಿನ ಮನೆ. ಪಡಸಾಲೆಯಲ್ಲಿ ನಾಲ್ಕು ಜನ ಗಾಡಿಯವರು ಊಟಕ್ಕೆ ಕೂತಿದ್ದರು. ಒಳಗಿನಿಂದ ಹೊಗೆ ಮುಂಬಾಗಿಲಿಗೇ ನುಗ್ಗಿ ಬರುತ್ತಿತ್ತು. ಉಣ್ಣುವವರು ಎಡಗೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಇಳಿದು ಏನಾರ ತರಲೇನಕ್ಕ?"

"ಬ್ಯಾಡ."

ಗಾಡಿ ಕೂಗಿತು. ಅಕ್ಕ ಕಿಟಕಿಯ ಕಂಬಿ ಹಿಡಿದು ನಿಂತೇ ಇದ್ದಳು.

"ಒಲಿನ ಬಡಗಣ ಗ್ವಾಡಿಗೆ ಹಾಕ್ಯಾರೆ ನೋಡು" ಎಂದಳು. "ಅಲ್ಲಿ ಹಾಕಬಾರದು. ಗಾಳಿ ಆ ಕಡಿಂದ ಬರ್ತೈತೆ."